ಲಿನಕ್ಸ್ ನವೀಕರಣದ ನಂತರ ತೆರೆಯದ ಹಾರ್ಡ್ ಡಿಸ್ಕ್: ನನ್ನ ಅನುಭವ

ಲಿನಕ್ಸ್‌ನ ಹೊಸ ಆವೃತ್ತಿ ಹಾಕಿದ ಮೇಲೆ ನನ್ನ ಎನ್‌ಟಿಎಫ್‌ಎಸ್ (ವಿಂಡೋಸ್ ಬಳಸುವ ಫೈಲ್ ಸಿಸ್ಟಂ) ಹಾರ್ಡ್ ಡಿಸ್ಕ್ ಫೈಲ್ ಮ್ಯಾನೇಜರ್‌ನಲ್ಲಿ ಕಾಣಿಸುತ್ತಿತ್ತು, ಒತ್ತಿದರೆ ಮಾತ್ರ ತೆರೆಯುತ್ತಿರಲಿಲ್ಲ. ‘ತಪ್ಪು ಫೈಲ್ ಸಿಸ್ಟಂ, ತಪ್ಪು ಆಯ್ಕೆ ಅಥವಾ ಕೆಟ್ಟ ಸೂಪರ್‌ಬ್ಲಾಕ್’ ಎಂಬ ಸಂದೇಶ ಬರುತ್ತಿತ್ತು. ಎಲ್ಲ ಕಾಯಿಲೆಗೂ ಒಂದೇ ಹೆಸರು ಹೇಳುವ ವೈದ್ಯನಂಥ ಸಂದೇಶವದು. ಅದನ್ನು ನಂಬಿ ಫಾರ್ಮ್ಯಾಟ್ ಮಾಡಲು ಹೋಗಬೇಡಿ.

ನಿಜವಾದ ಕಾರಣ ಸಿಕ್ಕಿದ್ದು ಟರ್ಮಿನಲ್‌ನಲ್ಲಿ ಸಿಸ್ಟಂ ಸಂದೇಶಗಳನ್ನು ತೋರಿಸುವ ‘ಸುಡೊ ಡಿಮೆಸ್ಗ್’ (sudo dmesg) ಆಜ್ಞೆ ಓಡಿಸಿದಾಗ: ವಾಲ್ಯೂಮ್ ‘ಡರ್ಟಿ’ (ಅಂದರೆ ಸರಿಯಾಗಿ ಮುಚ್ಚಿಲ್ಲ ಎಂಬ ಗುರುತು ಅದರ ಮೇಲಿದೆ), ‘ಫೋರ್ಸ್’ ಆಯ್ಕೆ ಕೊಟ್ಟಿಲ್ಲ. ಡಿಸ್ಕನ್ನು ಸರಿಯಾಗಿ ಅನ್‌ಮೌಂಟ್ ಮಾಡದೆ (ಸಿಸ್ಟಂನಿಂದ ಬಿಡಿಸದೆ) ಕೇಬಲ್ ಕಿತ್ತರೆ ಈ ಗುರುತು ಉಳಿದುಬಿಡಬಹುದು. ಹಳೆಯ ಎನ್‌ಟಿಎಫ್‌ಎಸ್-3ಜಿ ಚಾಲಕ (ಡ್ರೈವರ್) ಅದನ್ನು ಅಷ್ಟಾಗಿ ಲೆಕ್ಕಿಸುತ್ತಿರಲಿಲ್ಲ. 2021ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ 5.15 ಆವೃತ್ತಿಯೊಂದಿಗೆ ಬಂದ ಎನ್‌ಟಿಎಫ್‌ಎಸ್3 ಚಾಲಕ ಕಟ್ಟುನಿಟ್ಟಿನದು. ಗುರುತಿದ್ದರೆ ಬರೆಯಲು ಆಗುವಂತೆ ಡಿಸ್ಕನ್ನು ತೆರೆಯುವುದಿಲ್ಲ. ಕಿರಿಕಿರಿಯಾದರೂ ನನಗೆ ಇದೇ ಸರಿ ಎನಿಸುತ್ತದೆ.

ಮೊದಲು ‘ಓದಲು ಮಾತ್ರ’ ಆಯ್ಕೆಯಲ್ಲಿ ಮೌಂಟ್ ಮಾಡಿ ಮುಖ್ಯ ಕಡತಗಳನ್ನು ಬೇರೆಡೆ ನಕಲಿಸಿಕೊಂಡೆ. ಬಳಿಕ ಅನ್‌ಮೌಂಟ್ ಮಾಡಿ, ‘ಸುಡೊ ಎನ್‌ಟಿಎಫ್‌ಎಸ್‌ಫಿಕ್ಸ್ -ಡಿ’ (sudo ntfsfix -d) ಎಂದು ಬರೆದು ಮುಂದೆ ಪಾರ್ಟಿಷನ್‌ನ ಹೆಸರು ಕೊಟ್ಟೆ. (ಹೆಸರನ್ನು ‘ಎಲ್‌ಎಸ್‌ಬಿಎಲ್‌ಕೆ’ ಅಂದರೆ lsblk ಆಜ್ಞೆ ತೋರಿಸುತ್ತದೆ, ಎರಡು ಬಾರಿ ನೋಡಿಕೊಳ್ಳಿ.) ಗುರುತು ಅಳಿಯಿತು, ಡಿಸ್ಕ್ ತೆರೆಯಿತು. ಆದರೆ ಈ ಆಜ್ಞೆ ಪೂರ್ತಿ ದುರಸ್ತಿ ಮಾಡುವುದಿಲ್ಲ. ಅದಕ್ಕಾಗಿ ಡಿಸ್ಕನ್ನು ವಿಂಡೋಸ್ ಇರುವ ಕಂಪ್ಯೂಟರ್‌ಗೆ ಜೋಡಿಸಿ ವಿಂಡೋಸ್‌ನ ಡಿಸ್ಕ್ ದುರಸ್ತಿ ಆಜ್ಞೆ ‘ಚೆಕ್‌ಡಿಸ್ಕ್’ (chkdsk) ಕೂಡ ಓಡಿಸಿದೆ.