ಇಷ್ಟಕ್ಕೆ ಅಷ್ಟು ಕಷ್ಟಪಡಬೇಕಾ? ಹದಿಹರೆಯದವರ ಲೆಕ್ಕ ಅಳೆಯುವ ಬಗೆ

ಹದಿಹರೆಯದವರು ಸುಲಭದ ಕೆಲಸವನ್ನೇ ಆರಿಸಿಕೊಂಡರೆ ಹಿರಿಯರ ಬಾಯಿಗೆ ಮೊದಲು ಬರುವ ಮಾತು ‘ಸೋಮಾರಿ’. ಪ್ರತಿಫಲಕ್ಕೆ ಎದುರಾಗಿ ಶ್ರಮವನ್ನು ಅವರು ಹೇಗೆ ತೂಗುತ್ತಾರೆಂದು ಅಳೆಯಲು ಕೂತಾಗ ನಾನು ಮೊದಲು ಪಕ್ಕಕ್ಕಿಡುವುದು ಈ ಪದವನ್ನೇ. ‘ಬೇಡ’ ಎಂಬ ಒಂದೇ ಉತ್ತರದ ಹಿಂದೆ ನಾಲ್ಕು ಬೇರೆ ಬೇರೆ ಕಾರಣಗಳಿರಬಹುದು. ಶ್ರಮ ಭಾರವೆನಿಸಿರಬಹುದು, ಪ್ರತಿಫಲ ಹಿಡಿಸದಿರಬಹುದು, ಮಾಡಿದರೂ ಕೈಗೆ ಸಿಗುವ ಭರವಸೆ ಇಲ್ಲದಿರಬಹುದು, ಇಲ್ಲವೇ ಸಿಗುವುದು ತೀರಾ ತಡವಾಗಿರಬಹುದು. ಇವನ್ನು ಒಂದರಿಂದ ಇನ್ನೊಂದನ್ನು ಬಿಡಿಸಿ ನೋಡಲು ಆಗದ ಪ್ರಯೋಗದಿಂದ ಏನೂ ತಿಳಿಯುವುದಿಲ್ಲ. 13ರಿಂದ 17ರ ವಯಸ್ಸಿನವರೊಂದಿಗೆ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಈ ಕ್ಷೇತ್ರದಲ್ಲಿ ಬಹಳ ಬಳಕೆಯಲ್ಲಿರುವುದು ಮೈಕೆಲ್ ಟ್ರೆಡ್‌ವೇ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕೀಲಿ ಒತ್ತುವ ಆಟ. ಸುಲಭದ ಆಯ್ಕೆಯಲ್ಲಿ ರೂಢಿಯ ಕೈಯ ತೋರುಬೆರಳಿನಿಂದ 7 ಸೆಕೆಂಡಿನಲ್ಲಿ 30 ಸಲ ಒತ್ತಬೇಕು. ಕಷ್ಟದ ಆಯ್ಕೆಯಲ್ಲಿ ಇನ್ನೊಂದು ಕೈಯ ಕಿರುಬೆರಳಿನಿಂದ 21 ಸೆಕೆಂಡಿನಲ್ಲಿ 100 ಸಲ ಒತ್ತಬೇಕು. ಪ್ರತಿಫಲ ಸಿಗುವ ಸಂಭವ ಶೇಕಡಾ 12, 50 ಅಥವಾ 88. ಕಂಪ್ಯೂಟರ್ ಒಂದಿದ್ದರೆ ಸಾಕು, ಅದು ಇದರ ದೊಡ್ಡ ಅನುಕೂಲ. ಆದರೆ ಬೆಳೆಯುವ ವಯಸ್ಸಿನವರಿಗೆ ಇದನ್ನು ಹಾಗೇ ಕೊಟ್ಟರೆ ಎರಡು ತೊಡಕುಗಳಿವೆ. 13ರ ಕಿರುಬೆರಳಿಗೂ 17ರ ಕಿರುಬೆರಳಿಗೂ 100 ಒತ್ತು ಒಂದೇ ಅಲ್ಲ. ಜೊತೆಗೆ ಕಷ್ಟದ ಕೆಲಸಕ್ಕೆ ಮೂರು ಪಟ್ಟು ಸಮಯ ಹಿಡಿಯುವುದರಿಂದ, ಬೇಡ ಅಂದವರು ಶ್ರಮಕ್ಕೆ ಹಿಂಜರಿದರೋ ಕಾಯಲಾರದೆ ಬಿಟ್ಟರೋ ಗೊತ್ತಾಗುವುದಿಲ್ಲ.

ಅದಕ್ಕೇ ನಾನು ಕೈ ಹಿಡಿತದ ಬಲ ಅಳೆಯುವ ಡೈನಮೋಮೀಟರ್ ಬಳಸುತ್ತೇನೆ. ಮೊದಲ ಹಂತ, ಅವರವರ ಗರಿಷ್ಠ ಬಲ ಕಂಡುಕೊಳ್ಳುವುದು. ಮೂರು ಸಲ, ಪ್ರತಿ ಸಲ 3 ಸೆಕೆಂಡು, ನಡುವೆ 1 ನಿಮಿಷ ವಿರಾಮ ಕೊಟ್ಟು ಹಿಸುಕಿಸುತ್ತೇನೆ. ಅವುಗಳಲ್ಲಿ ಹೆಚ್ಚಿನದನ್ನು ಲೆಕ್ಕಕ್ಕೆ ಹಿಡಿಯುತ್ತೇನೆ. ಇಡೀ ಅಳತೆ ಕೆಡುವುದು ಸಾಮಾನ್ಯವಾಗಿ ಇಲ್ಲೇ. ಹೊಸಬರ ಎದುರು ಸಂಕೋಚದಿಂದ ಕೆಲವರು ಮೆಲ್ಲಗೆ ಹಿಸುಕುತ್ತಾರೆ. ಇನ್ನು ಕೆಲವರು ಜಾಣರು: ಈಗ ಕಡಿಮೆ ತೋರಿಸಿದರೆ ಮುಂದೆ ಸುಲಭವಾಗುತ್ತದೆಂದು ತಕ್ಷಣ ಊಹಿಸುತ್ತಾರೆ. ಆಮೇಲೆ ನಾವು ‘ಶೇಕಡಾ 80’ ಅಂದುಕೊಂಡದ್ದು ಅವರಿಗೆ 50 ಮಾತ್ರವಾಗಿರುತ್ತದೆ, ಅಂಥವರು ಶ್ರಮಕ್ಕೆ ಅಂಜದವರಂತೆ ಕಾಣುತ್ತಾರೆ. ಹಾಗಾಗಿ ಈ ಅಂಕಿ ಯಾವುದಕ್ಕೆ ಎಂದು ಮೊದಲೇ ಹೇಳಬಾರದು. ಎರಡನೇ ಮತ್ತು ಮೂರನೇ ಸಲ, ಹಿಂದಿನ ಬಲಕ್ಕಿಂತ ಶೇಕಡಾ 10 ಮೇಲೆ ತೆರೆಯಲ್ಲಿ ಒಂದು ಗೆರೆ ತೋರಿಸಿ ‘ಇದನ್ನು ದಾಟು’ ಅನ್ನಬೇಕು. ಕೊನೆಯಲ್ಲಿ ಮತ್ತೊಮ್ಮೆ ಗರಿಷ್ಠ ಬಲ ಅಳೆಯುತ್ತೇನೆ. ಅದು ಮೊದಲಿನದಕ್ಕಿಂತ ಸ್ಪಷ್ಟವಾಗಿ ಹೆಚ್ಚು ಬಂದರೆ ಆ ದಿನದ ದಾಖಲೆಯನ್ನು ನಂಬುವುದಿಲ್ಲ.

ಎರಡನೇ ಹಂತ ಕೊಡುಗೆಗಳು. ಸುಲಭದ ಆಯ್ಕೆ ಯಾವಾಗಲೂ ಒಂದೇ: ಶೇಕಡಾ 20 ಬಲ, 1 ಅಂಕ. ಕಷ್ಟದ್ದು ಶೇಕಡಾ 35, 50, 65, 80, ಅಂಕಗಳು 1.5, 2, 3, 4, 6. ಒಟ್ಟು 20 ಜೋಡಿ, ಪ್ರತಿಯೊಂದೂ 3 ಸಲ, ಅಂದರೆ 60 ಆಯ್ಕೆ. 30 ಮುಗಿದ ಮೇಲೆ ವಿರಾಮ. ಸುಲಭದ್ದು ಎಡಕ್ಕೋ ಬಲಕ್ಕೋ ಎಂಬುದು ಬದಲಾಗುತ್ತಿರಬೇಕು. ಇವುಗಳ ನಡುವೆ 6 ಪರೀಕ್ಷಾ ಪ್ರಶ್ನೆ ಸೇರಿಸುತ್ತೇನೆ, ಎರಡೂ ಕಡೆ ಶ್ರಮ ಒಂದೇ, ಅಂಕ ಮಾತ್ರ ಬೇರೆ. ಇಲ್ಲಿ ಎರಡಕ್ಕಿಂತ ಹೆಚ್ಚು ಸಲ ಕಡಿಮೆ ಅಂಕ ಆರಿಸಿದವರು ತೆರೆ ನೋಡುತ್ತಿಲ್ಲ ಎಂದೇ ಅರ್ಥ.

60 ಸಲವೂ ಹಿಸುಕಿಸಬಾರದು. ದಣಿವು ಏರಿದಂತೆ 50ನೇ ಆಯ್ಕೆಯ ‘ಬೇಡ’ ಮೊದಲಿನ ‘ಬೇಡ’ ಆಗಿ ಉಳಿಯುವುದಿಲ್ಲ. ಮೊದಲು ಎಲ್ಲ ಆಯ್ಕೆಗಳನ್ನೂ ಪಡೆದು, ಕೊನೆಗೆ ಚೀಟಿ ಎತ್ತಿದಂತೆ 10ನ್ನು ಆರಿಸಿ ಮಾಡಿಸುತ್ತೇನೆ. ಯಾವುದು ಬರುತ್ತದೆಂದು ತಿಳಿಯದ್ದರಿಂದ ಪ್ರತಿ ಉತ್ತರವೂ ನಿಜದ್ದಾಗುತ್ತದೆ. ಅಂಕಗಳು ಅದೇ ದಿನ ನಿಜವಾದ ಏನಾದರೂ ಆಗಿ ಕೈಸೇರಬೇಕು. ಬರೀ ಅಂಕವಾಗಿ ಉಳಿದರೆ ನಾವು ಅಳೆಯುವುದು ಅವರ ಸೌಜನ್ಯವನ್ನು. ಯಾವ ಆಯ್ಕೆಯಾದರೂ ಒಂದು ಸುತ್ತು ಮುಗಿಯಲು ಅಷ್ಟೇ ಸಮಯ ಹಿಡಿಯಬೇಕು, ಮತ್ತು ಶೇಕಡಾ 80ರ ಮಟ್ಟದಲ್ಲೂ 10ರಲ್ಲಿ 9 ಸಲ ಗೆಲ್ಲುವಂತಿರಬೇಕು. ಗೆಲುವು ಅದಕ್ಕಿಂತ ಇಳಿದರೆ ‘ಕಷ್ಟ’ ಎಂಬುದರೊಳಗೆ ‘ಸೋತರೆ?’ ಎಂಬ ಭಯ ನುಸುಳುತ್ತದೆ. ಆಯ್ಕೆಯ ಹೊತ್ತಿನಲ್ಲಿ ಗೆಳೆಯರು ಕೋಣೆಯಲ್ಲಿರಬಾರದು. 2005ರಲ್ಲಿ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ ಕಾರಿನ ಆಟವೊಂದರಿಂದ ತೋರಿಸಿದಂತೆ, ಗೆಳೆಯರು ಜೊತೆಗಿದ್ದಾಗ ಅಪಾಯಕ್ಕೆ ಕೈಹಾಕುವುದು ದೊಡ್ಡವರಿಗಿಂತ ಹದಿಹರೆಯದವರಲ್ಲಿ ಹೆಚ್ಚುತ್ತದೆ. ನಾನೂ ತೆರೆ ಕಾಣದ ಕಡೆ ಕೂರುತ್ತೇನೆ.

ಲೆಕ್ಕಕ್ಕೆ ನಾನು ಬಳಸುವ ಸೂತ್ರ: ನಿವ್ವಳ ಬೆಲೆ = ಅಂಕ − ಕೆ × ಶ್ರಮದ ವರ್ಗ (ಶ್ರಮವನ್ನು ಅದರಿಂದಲೇ ಗುಣಿಸಿದ್ದು; ಶೇಕಡಾ 80 ಅಂದರೆ 0.8). ‘ಕೆ’ ಅಂದರೆ ಆ ವ್ಯಕ್ತಿಗೆ ಶ್ರಮ ಎಷ್ಟು ದುಬಾರಿ ಎಂಬುದು. ಕೆ 5 ಇದ್ದವರಿಗೆ ಶೇಕಡಾ 80ರ 6 ಅಂಕ 2.8ಕ್ಕೆ ಸಮ, ಸುಲಭದ್ದು 0.8, ಅವರು ಕಷ್ಟವನ್ನೇ ಆರಿಸುತ್ತಾರೆ. ಕೆ 10 ಆದರೆ ಅದೇ 6 ಅಂಕ −0.4ಕ್ಕೆ ಇಳಿಯುತ್ತದೆ, ಸುಲಭದ್ದು 0.6. ವರ್ಗ ಯಾಕೆಂದರೆ ದೈಹಿಕ ಶ್ರಮದ ಭಾರ ಕೊನೆಯಲ್ಲಿ ಕಡಿದಾಗಿ ಏರುತ್ತದೆ. ಕಾಯುವಿಕೆಯದು ಹಾಗಲ್ಲ, ಅಲ್ಲಿ ಆರಂಭದ ವಿಳಂಬವೇ ಹೆಚ್ಚು ಚುಚ್ಚುತ್ತದೆ. ಯಾರಾದರೂ 60ಕ್ಕೆ 60 ಸಲವೂ ಕಷ್ಟವನ್ನೇ ಆರಿಸಿದರೆ ಕೆ ಎಷ್ಟೆಂದು ಹೇಳಲಾಗದು. ಮಾಹಿತಿ ಸಿಗುವುದು ತೂಗಿ ನೋಡಿ ತಡವರಿಸುವ ಜಾಗದಲ್ಲಿ. 1.5 ಅಂಕದ ಸಣ್ಣ ಕೊಡುಗೆಗಳನ್ನು ಸೇರಿಸಿದ್ದೂ ಅದಕ್ಕೇ.

ಇನ್ನೊಂದು ಸಂಖ್ಯೆಯನ್ನು ಮರೆಯಲೇಬಾರದು: ಆಯ್ಕೆ ಎಷ್ಟು ಸ್ಥಿರ ಎಂಬುದು. ಕಿರಿಯರ ಆಯ್ಕೆಗಳಲ್ಲಿ ಏರುಪೇರು ಹೆಚ್ಚು. ಇದನ್ನು ಪ್ರತ್ಯೇಕವಾಗಿ ಅಂದಾಜಿಸದಿದ್ದರೆ ಏರುಪೇರೆಲ್ಲ ಕೆ ಲೆಕ್ಕಕ್ಕೆ ಸೇರಿ, ಸುಮ್ಮನೆ ಹೊಸದನ್ನು ಪ್ರಯತ್ನಿಸಿ ನೋಡುತ್ತಿದ್ದ ಹುಡುಗಿ ಶ್ರಮಗಳ್ಳಿ ಅನ್ನಿಸಿಕೊಳ್ಳುತ್ತಾಳೆ. ಇದು ಅನ್ಯಾಯ, ಅಳತೆಯಾಗಿಯೂ ತಪ್ಪು.

ಮನಸ್ಸಿನ ಶ್ರಮಕ್ಕೆ ಬೇರೆ ಆಟ ಬೇಕು. ಅಕ್ಷರಗಳು ಒಂದೊಂದಾಗಿ ಬರುತ್ತವೆ. ಈಗಿನದು ಒಂದು, ಎರಡು ಅಥವಾ ಮೂರು ಹೆಜ್ಜೆ ಹಿಂದೆ ಬಂದದ್ದೇ ಎಂದು ಹೇಳಬೇಕು. ಎಲ್ಲ ಮಟ್ಟಗಳನ್ನೂ ಆಡಿಸಿದ ಮೇಲೆ, ಮೂರು ಹೆಜ್ಜೆಗೆ 200 ಅಂಕ, ಒಂದು ಹೆಜ್ಜೆಗೆ 100 ಅಂಕ ಎಂದು ಶುರು ಮಾಡುತ್ತೇನೆ. ಕಷ್ಟದ್ದನ್ನು ಆರಿಸಿದರೆ ಸುಲಭದ ಅಂಕ 50 ಏರುತ್ತದೆ, ಸುಲಭದ್ದನ್ನು ಆರಿಸಿದರೆ 50 ಇಳಿಯುತ್ತದೆ. ಮುಂದೆ ಪ್ರತಿ ಸಲ ಬದಲಾವಣೆ ಅರ್ಧವಾಗುತ್ತದೆ. ಐದಾರು ಆಯ್ಕೆಗಳಲ್ಲಿ ಸಮತೂಕದ ಬಿಂದು ಸಿಗುತ್ತದೆ. ಅದು 140 ಆದರೆ ಕಷ್ಟದ 200ಕ್ಕೆ ಅವರು ಕೊಟ್ಟ ಬೆಲೆ 0.7. ಅಂಕ ಸರಿ ಉತ್ತರಕ್ಕಲ್ಲ, ಪ್ರಯತ್ನ ಬಿಡದೆ ಆಡಿದ್ದಕ್ಕೆ ಎಂದು ಮೊದಲೇ ಹೇಳಬೇಕು.

ಆಯ್ಕೆ ಬೇರೆ, ಮಾಡಿ ತೋರಿಸುವುದು ಬೇರೆ ಎಂಬುದೂ ನೆನಪಿರಲಿ. 2017ರಲ್ಲಿ ಇನ್ಸೆಲ್, ಸೋಮರ್‌ವಿಲ್ ಮತ್ತು ಸಂಗಡಿಗರು 13ರಿಂದ 20ರ ವಯಸ್ಸಿನವರನ್ನು ಪರೀಕ್ಷಿಸಿದಾಗ, ಹೆಚ್ಚಿನ ಪ್ರತಿಫಲಕ್ಕೆ ತಕ್ಕಂತೆ ಗಮನವನ್ನೂ ಹೆಚ್ಚಿಸುವುದು ದೊಡ್ಡವರಲ್ಲಿ ಕಂಡಿತು, ಕಿರಿಯರಲ್ಲಿ ಕಾಣಲಿಲ್ಲ. ಮಿದುಳಿನಲ್ಲಿ ಪ್ರತಿಫಲ ಗುರುತಿಸುವ ಸ್ಟ್ರಯೇಟಮ್ ಎಂಬ ಒಳಭಾಗ ಮತ್ತು ಹಣೆಯ ಹಿಂದಿನ ಭಾಗದ ನಡುವಿನ ಸಂಪರ್ಕ ಆ ವಯಸ್ಸಿನಲ್ಲಿ ಇನ್ನೂ ಪಕ್ವವಾಗುತ್ತಿರುತ್ತದೆ. ಬಹುಮಾನ ದುಪ್ಪಟ್ಟು ಮಾಡಿದರೂ 13ರವರ ಕೆಲಸ ಸುಧಾರಿಸದಿದ್ದರೆ ಅವರಿಗೆ ಬಹುಮಾನ ಬೇಡವೆಂದು ತಿಳಿಯಬಾರದು.

ಉಪಕರಣವಿಲ್ಲದೆ ಓದಿನ ವಿಷಯದಲ್ಲಿ ಇದನ್ನೇ ಮಾಡಲು ಮೂರು ಪ್ರಶ್ನೆ ಸಾಕು. ಶುರುವಿಗೆ ಮುಂಚೆ ಕೇಳಿ: 0ಯಿಂದ 10ರಲ್ಲಿ ಇದು ಎಷ್ಟು ಕಷ್ಟ? ಮಾಡಿದರೆ ಫಲ ಸಿಗುವ ಭರವಸೆ ಎಷ್ಟು? ಅದು ಯಾವಾಗ ಸಿಗುತ್ತದೆ? ಭರವಸೆ 3 ಇದ್ದವರಿಗೆ ಬಹುಮಾನ ಏರಿಸಿ ಪ್ರಯೋಜನವಿಲ್ಲ, ಅವರು ಗೆಲ್ಲಬಲ್ಲಷ್ಟು ಚಿಕ್ಕ ತುಂಡು ಕೊಡಬೇಕು. ಫಲ ತಿಂಗಳಾಚೆ ಇದ್ದರೆ ಅದರ ಸಣ್ಣ ಭಾಗವನ್ನು ಇಂದಿಗೆ ತರಬೇಕು. ಕಷ್ಟ 8 ಅಂದರೆ ಮೊದಲ ತುಂಡನ್ನು 10 ನಿಮಿಷಕ್ಕೆ ಕತ್ತರಿಸಿ, ಅದು ಮುಗಿದ ಕೂಡಲೇ ಕಷ್ಟದ ಪ್ರಶ್ನೆಯನ್ನು ಮತ್ತೆ ಕೇಳಿ, ಎರಡೂ ಅಂಕಿಗಳನ್ನು ಅವರ ಕೈಯಲ್ಲೇ ಪಕ್ಕಪಕ್ಕ ಬರೆಸಿ. ಎರಡನೇ ಅಂಕಿ ಇಳಿದಿದ್ದರೆ ಭಾರವಿದ್ದದ್ದು ಶುರು ಮಾಡುವುದರಲ್ಲಿ. ಇಳಿಯದಿದ್ದರೆ ಕೆಲಸವೇ ಅವರ ಮಟ್ಟ ಮೀರಿದೆ, ಕೊಟ್ಟವರು ಅದನ್ನು ಬದಲಿಸಬೇಕು.