ನೆಟ್ ಸ್ಲೋ ಆಯ್ತಾ? ಎಲ್ಲಿ ಸಿಕ್ಕಿದೆ ಅಂತ ನೀವೇ ಹುಡುಕಿ

ರಾತ್ರಿ ಎಂಟಾದರೆ ಸಾಕು, ವಿಡಿಯೊ ಮೇಲೆ ಚಕ್ರ ತಿರುಗಲು ಶುರು. ಕೇಬಲ್‌ನವರಿಗೆ ಫೋನ್ ಮಾಡಿದರೆ ‘ಡಬ್ಬಿ ಆಫ್ ಮಾಡಿ ಆನ್ ಮಾಡ್ರಿ’ ಎಂಬ ಉತ್ತರ. ಅದರ ಬದಲು ಒಂದು ಲ್ಯಾಪ್‌ಟಾಪ್ ಹಿಡಿದು ಹತ್ತು ನಿಮಿಷ ಕುಳಿತರೆ, ತೊಂದರೆ ಎಲ್ಲಿದೆ ಎಂದು ನಾವೇ ಕಂಡುಕೊಳ್ಳಬಹುದು.

ನಮ್ಮ ವಿಜಯಪುರದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಆದಿಲ್‌ಶಾಹಿ ಕಾಲದಲ್ಲಿ ಬೇಗಂ ತಲಾಬ್‌ನ ನೀರು ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳಿದ್ದವು. ನೀರು ಬರಲಿಲ್ಲ ಎಂದರೆ ಯಾವ ಗಂಜ್‌ವರೆಗೆ ಬಂದಿದೆ ಎಂದು ನೋಡಬೇಕು, ಅಲ್ವಾ? ನೆಟ್‌ನಲ್ಲಿ ಗಂಜ್ ಇರುವ ಜಾಗದಲ್ಲಿ ರೂಟರ್‌ಗಳಿವೆ. ಆದರೆ ಇಲ್ಲಿ ಪ್ರತಿ ಹನಿಯ ಮೇಲೂ ವಿಳಾಸ ಬರೆದಿರುತ್ತದೆ. 5 ಎಂಬಿ ಫೋಟೊ ಕಳಿಸಿದರೆ ಅದು ಸುಮಾರು ಮೂರೂವರೆ ಸಾವಿರ ಪ್ಯಾಕೆಟ್‌ಗಳಾಗಿ ಒಡೆದು ಹೋಗುತ್ತದೆ. ಆ ಕಡೆ ಮತ್ತೆ ಜೋಡಣೆಯಾಗುತ್ತದೆ. ನಡುವಿನ ತಂತಿಯಲ್ಲಿ ನಿಮ್ಮ ಪ್ಯಾಕೆಟ್ಟು, ಪಕ್ಕದ ಮನೆಯವರ ಪ್ಯಾಕೆಟ್ಟು ಎಲ್ಲವೂ ಒಂದೇ ಸಾಲಿನಲ್ಲಿ ಓಡುತ್ತವೆ.

ಮೊದಲು ಮನೆಯೊಳಗೆ ನೋಡಿ

ಫೈಬರ್ ಡಬ್ಬಿಯ ಮೇಲೆ ಎಲ್‌ಒಎಸ್ ದೀಪ ಕೆಂಪಾಗಿದ್ದರೆ ಮುಂದಿನದ್ದು ಓದಬೇಡಿ. ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ, ಸೀದಾ ಫೋನ್ ಮಾಡಿ.

ಕೆಂಪು ದೀಪ ಇಲ್ಲವೇ? ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ ‘ಸಿಎಂಡಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ‘ಪಿಂಗ್’ ಎಂದು ಬರೆದು, ಜಾಗ ಬಿಟ್ಟು, ಮನೆಯ ಡಬ್ಬಿಯ, ಅಂದರೆ ರೂಟರ್‌ನ, ವಿಳಾಸ ಹಾಕಿ ಎಂಟರ್ ಒತ್ತಿ. ಹೆಚ್ಚಾಗಿ ಅದು 192.168.1.1 ಅಥವಾ 192.168.0.1. ಗೊತ್ತಿಲ್ಲದಿದ್ದರೆ ಡಬ್ಬಿಯ ಕೆಳಗಿನ ಸ್ಟಿಕರ್ ನೋಡಿ.

ಉತ್ತರ ಒಂದೆರಡು ಮಿಲಿಸೆಕೆಂಡ್‌ನಲ್ಲಿ ಬಂದರೆ ಮನೆಯೊಳಗೆ ಎಲ್ಲ ಸರಿ. ಒಮ್ಮೆ 3, ಒಮ್ಮೆ 120 ಎಂದು ಕುಣಿದರೆ ತಪ್ಪು ವೈಫೈನದು, ಕೇಬಲ್‌ನವರದಲ್ಲ. ದಪ್ಪ ಕಲ್ಲಿನ ಗೋಡೆ ನಡುವೆ ಇದ್ದರಂತೂ ಹೀಗಾಗುವುದು ಸಹಜ. ರೂಟರ್ ಪಕ್ಕ ಕುಳಿತು, ಸಾಧ್ಯವಾದರೆ ಲ್ಯಾನ್ ವೈರ್ ಹಾಕಿ, ಮತ್ತೆ ನೋಡಿ.

ಈಗ ದಾರಿ ಹಿಡಿದು ಹೋಗಿ

ಅದೇ ಕಿಟಕಿಯಲ್ಲಿ ಟಿ-ಆರ್-ಎ-ಸಿ-ಇ-ಆರ್-ಟಿ ಎಂದು ಬರೆದು, ಜಾಗ ಬಿಟ್ಟು 8.8.8.8 ಹಾಕಿ. ಇದು ಗೂಗಲ್‌ನ ವಿಳಾಸ. ಸಾಲು ಸಾಲಾಗಿ ರೂಟರ್‌ಗಳು ಕಾಣುತ್ತವೆ, ಪ್ರತಿ ಸಾಲಿನಲ್ಲೂ ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂಬ ಸಂಖ್ಯೆ ಇರುತ್ತದೆ. ಇದರ ಹಿಂದಿನ ಉಪಾಯ ಸೊಗಸಾಗಿದೆ. ಪ್ರತಿ ಪ್ಯಾಕೆಟ್‌ಗೂ ಇಷ್ಟೇ ರೂಟರ್ ದಾಟಬೇಕು ಎಂಬ ಲೆಕ್ಕ ಇರುತ್ತದೆ. ಈ ಕಮಾಂಡ್ ಬೇಕಂತಲೇ ಮೊದಲು 1 ಎಂದು ಬರೆದು ಕಳಿಸುತ್ತದೆ. ಮೊದಲ ರೂಟರ್‌ನಲ್ಲೇ ಅದರ ಆಯುಷ್ಯ ಮುಗಿಯುತ್ತದೆ. ‘ಇದು ಇಲ್ಲೇ ಸತ್ತಿತು’ ಎಂದು ಆ ರೂಟರ್ ಸುದ್ದಿ ಕಳಿಸುತ್ತದೆ. ಆಮೇಲೆ 2, ಆಮೇಲೆ 3. ಹೀಗೆ ಒಬ್ಬೊಬ್ಬರೇ ತಮ್ಮ ಗುರುತು ಬಿಟ್ಟುಕೊಡುತ್ತಾರೆ.

ನಡುವೆ ನಕ್ಷತ್ರ ಚಿಹ್ನೆ ಕಂಡರೆ ಗಾಬರಿ ಬೇಡ. ಕೆಲವು ರೂಟರ್‌ಗಳು ಉತ್ತರ ಕೊಡುವುದಿಲ್ಲ, ಅಷ್ಟೇ. ಒಂದೇ ಸಾಲಿನಲ್ಲಿ ಸಂಖ್ಯೆ ಏರಿ, ಮುಂದಿನ ಸಾಲುಗಳಲ್ಲಿ ಮತ್ತೆ ಇಳಿದಿದ್ದರೆ ಅದೂ ದೋಷವಲ್ಲ. ಒಂದು ಸಾಲಿನಲ್ಲಿ ತೀರಾ ಏರಿದ್ದು ಕೊನೆಯವರೆಗೂ ಇಳಿಯದೆ ಉಳಿದರೆ, ಸಿಕ್ಕಿರುವುದು ಬಹುಶಃ ಅಲ್ಲೇ.

ಎಷ್ಟಿದ್ದರೆ ಸರಿ? ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರಿಗೆ ಸುಮಾರು 500 ಕಿ.ಮೀ. ಎಂದರೂ ಹೋಗಿ ಬರಲು 5 ಮಿಲಿಸೆಕೆಂಡ್ ಸಾಕು. ತಂತಿ ನೆಟ್ಟಗೆ ಹೋಗುವುದಿಲ್ಲ, ರೂಟರ್‌ಗಳೂ ಸಮಯ ತಿನ್ನುತ್ತವೆ. ಹಾಗಾಗಿ 20–40 ಬಂದರೂ ಚಿಂತೆ ಇಲ್ಲ. ಅಮೆರಿಕದ ಸರ್ವರ್ ಆದರೆ 200 ದಾಟುವುದು ಮಾಮೂಲು. ಯೂಟ್ಯೂಬ್ ಓಡುತ್ತದೆ, ಗೇಮ್ ಮಾತ್ರ ಸಿಕ್ಕಿಕೊಳ್ಳುತ್ತದೆ ಎನ್ನುವವರು ಇದನ್ನು ಗಮನಿಸಿ. ಜನ ಜಾಸ್ತಿ ನೋಡುವ ವಿಡಿಯೊಗಳ ಪ್ರತಿಯನ್ನು ಹತ್ತಿರದ ಸರ್ವರ್‌ನಲ್ಲೇ ಇಟ್ಟಿರುತ್ತಾರೆ. ಗೇಮ್ ಸರ್ವರ್ ಎಲ್ಲೋ ದೂರದಲ್ಲಿರಬಹುದು.

ರಾತ್ರಿ ಒಮ್ಮೆ, ನಸುಕಿನಲ್ಲಿ ಒಮ್ಮೆ

ಇದೇ ಪರೀಕ್ಷೆಯನ್ನು ರಾತ್ರಿ ಒಂಬತ್ತಕ್ಕೆ ಮಾಡಿ, ಬೆಳಗಿನ ಐದಕ್ಕೆ ಮತ್ತೆ ಮಾಡಿ. ಎರಡರದ್ದೂ ಫೋಟೊ ತೆಗೆದಿಡಿ. ಎರಡನೇ ಸಾಲು ರಾತ್ರಿ ಮಾತ್ರ ಏರುತ್ತಿದ್ದರೆ, ನಿಮ್ಮ ಓಣಿಯ ಲೈನ್ ತುಂಬಿದೆ ಎಂಬ ಅನುಮಾನ ಬಲವಾಗುತ್ತದೆ. ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಒಂದೇ ಫೈಬರ್ ಎಳೆಯನ್ನು ಕಂಬದ ಮೇಲಿನ ಸ್ಪ್ಲಿಟರ್ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಆ ಸ್ಪ್ಲಿಟರ್‌ಗೆ ಕರೆಂಟ್ ಕೂಡ ಬೇಡ, ಅದು ಬೆಳಕನ್ನು ಸುಮ್ನೆ ಸೀಳುತ್ತದೆ. ಎಲ್ಲ ಮನೆಗೂ ಎಲ್ಲರ ಡೇಟಾ ಬರುತ್ತದೆ, ಅದನ್ನು ಗೂಢಲಿಪಿಯಲ್ಲಿ ಕಳಿಸುವ ಏರ್ಪಾಡೂ ಇದೆ. ನಿಮ್ಮ ಡಬ್ಬಿ ತನ್ನದನ್ನಷ್ಟೇ ತೆಗೆದುಕೊಳ್ಳುತ್ತದೆ. ಮನೆಯಿಂದ ಆಚೆ ಕಳಿಸುವಾಗ ಪ್ರತಿ ಡಬ್ಬಿಗೂ ಪಾಳಿ ಗೊತ್ತು ಮಾಡಿರುತ್ತಾರೆ.

ಆ ಎಳೆಯಲ್ಲಿ ಬರುವುದು ಒಟ್ಟು ಸುಮಾರು 2,500 ಎಂಬಿಪಿಎಸ್. 64 ಮನೆಗೆ ಭಾಗಿಸಿದರೆ ತಲಾ 39. ಆದರೂ ಎಲ್ಲರಿಗೂ 100 ಎಂಬಿಪಿಎಸ್ ಪ್ಲಾನ್ ಮಾರಬಹುದು, ಯಾಕೆಂದರೆ ಎಲ್ಲರೂ ಒಂದೇ ಕ್ಷಣದಲ್ಲಿ ಎಳೆಯುವುದಿಲ್ಲ. ನನ್ನ ಪ್ರಕಾರ ಇದು ಮೋಸವಲ್ಲ. ಹಂಚಿಕೊಳ್ಳದಿದ್ದರೆ ಈ ದರಕ್ಕೆ ನೆಟ್ ಸಿಗುತ್ತಲೇ ಇರಲಿಲ್ಲ. ರಾತ್ರಿ ಲೈನ್ ತುಂಬಿದ್ದು ಗೊತ್ತಿದ್ದೂ ಹೊಸ ಕನೆಕ್ಷನ್ ಕೊಡುತ್ತಾ ಹೋದರೆ ಮಾತ್ರ ತಕರಾರು ಮಾಡಲೇಬೇಕು. ಫೋಟೊ ತೋರಿಸಿ ‘ಈ ಪೋರ್ಟ್ ಮೇಲೆ ಎಷ್ಟು ಮನೆ ಇವೆ?’ ಎಂದು ಕೇಳಿ. ಫೈಬರ್ ಎಳೆಯನ್ನು ಕಂಪನಿಯ ಕಡೆ ಸಿಕ್ಕಿಸಿರುವ ಜಾಗವೇ ಪೋರ್ಟ್. ಡಬ್ಬಿ ಆಫ್ ಮಾಡಿ ಎನ್ನುವ ಮಾತು ಅಲ್ಲಿಗೆ ನಿಲ್ಲುತ್ತದೆ.

ಸಂಖ್ಯೆ ಏರುವುದು ಇನ್ನೂ ಮುಂದಿನ ಸಾಲುಗಳಲ್ಲಿ ಎಂದಾದರೆ, ತೊಂದರೆ ಊರಾಚೆಯ ದೊಡ್ಡ ಲೈನ್‌ನಲ್ಲಿ ಇರಬಹುದು. ಆಗ ಡಬ್ಬಿ ಬದಲಿಸಿ ಪ್ರಯೋಜನವಿಲ್ಲ. ಕಂಪನಿಯನ್ನೇ ಬದಲಿಸುತ್ತೀರಾ? ಮೊದಲು ಆ ಕಂಪನಿಯ ನೆಟ್ ಇರುವ ಪರಿಚಯದವರ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಇದೇ ಕಮಾಂಡ್ ಹೊಡೆಯಿರಿ. ಮೂರು–ನಾಲ್ಕನೇ ಸಾಲಿನಿಂದ ನಿಮ್ಮಲ್ಲಿ ಕಂಡ ವಿಳಾಸಗಳೇ ಅಲ್ಲೂ ಕಂಡರೆ ಇಬ್ಬರೂ ಒಂದೇ ದೊಡ್ಡ ಲೈನ್ ಬಾಡಿಗೆಗೆ ಹಿಡಿದಿರಬಹುದು. ಹಾಗಿದ್ದರೆ ಇನ್ಸ್ಟಲೇಷನ್ ದುಡ್ಡು ಸುಮ್ನೆ ಹೋಗುತ್ತದೆ.