ಸಿಮೆಂಟ್ ಇಲ್ದೆ ಹಿತ್ತಲಲ್ಲಿ ಕೂರೋ ಜಾಗ ಮಾಡ್ಕೊಂಡಿದ್ದು: ನನ್ನ ಅನುಭವ

ಹಿತ್ತಲಲ್ಲಿ ಜಲ್ಲಿ, ಮರಳಿನ ಮೇಲೆ ಕಲ್ಲು ಚಪ್ಪಡಿ ಹಾಸಿ ಎರಡು ಮಳೆಗಾಲ ಕಳೀತು, ಒಂದು ಕಲ್ಲೂ ಅಲ್ಲಾಡಿಲ್ಲ, ನೀರೂ ನಿಂತಿಲ್ಲ, ಅದಕ್ಕೇ ಈಗ ಧೈರ್ಯವಾಗಿ ಬರೀತಿದೀನಿ. ಕಾಂಕ್ರೀಟ್ ಇಲ್ದೆ ಕಲ್ಲು ನಿಲ್ಲುತ್ತಾ ಅಂತ ಕೇಳದೋರೇ ಇಲ್ಲ, ಮೇಸ್ತ್ರಿ ಅಂತೂ ಆರು ತಿಂಗಳಲ್ಲಿ ನೀವೇ ಫೋನ್ ಮಾಡ್ತೀರಾ ಅಂದುಬಿಟ್ಟಿದ್ರು.

ಜಾಗ ಸುಮಾರು 12 ಅಡಿಗೆ 10 ಅಡಿ. ಮೊದಲನೇ ಸಲ ಹಸಿ ಮಣ್ಣಿನ ಮೇಲೇ ಎರಡಿಂಚು ಸಿಮೆಂಟ್ ಹಾಕ್ಸಿದ್ದೆ, ವರ್ಷದೊಳಗೆ ಬಿರುಕು. ಅದಾದ್ರೂ ಪರವಾಗಿಲ್ಲ, ಇಳಿಜಾರು ಮನೆ ಕಡೆಗೇ ಇತ್ತು, ನೀರೆಲ್ಲ ಗೋಡೆ ಬುಡಕ್ಕೆ ಇಳಿದು ಒಳಗಿನ ಬಣ್ಣ ಪದರ ಪದರವಾಗಿ ಎದ್ದು ಬಂತು. ಅದನ್ನ ಒಡೆಸಿ ಸಾಗಿಸೋಕೆ ಹಾಕ್ಸಿದ್ದಕ್ಕಿಂತ ಜಾಸ್ತಿ ದುಡ್ಡು ಹೋಯ್ತು, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಎರಡನೇ ಸಲ ದುಂಡು ಜಲ್ಲಿ ಸುರಿದೆ. ದುಂಡು ಕಲ್ಲು ಒಂದಕ್ಕೊಂದು ಕಚ್ಕೊಳಲ್ಲ, ಕುರ್ಚಿ ಕಾಲು ಹೂತೋಗ್ತಿತ್ತು, ಒಂದೇ ಮಳೆಗಾಲಕ್ಕೆ ಜಲ್ಲಿ ಕೆಳಗೆ ಕೆಸರು ಮೇಲೆ.

ಮೂರನೇ ಸಲ ನಾನೇ ಇಳಿದೆ. ಏಳಿಂಚು ಅಗೆದು, ಟ್ಯೂಬ್ ಲೆವೆಲ್ (ಮಟ್ಟ ನೋಡೋಕೆ ನೀರು ತುಂಬಿದ ಪಾರದರ್ಶಕ ಪೈಪ್) ಹಿಡಿದು ಮನೆಯಿಂದ ಆಚೆಗೆ 10 ಅಡಿಗೆ ಎರಡೂವರೆ ಇಂಚು ಇಳಿಜಾರು ಕೊಟ್ಟೆ. ಮಣ್ಣಿನ ಮೇಲೆ ನೀರಿಳಿಯೋಕೆ ಬಿಡೋ ಜಿಯೋಟೆಕ್ಸ್‌ಟೈಲ್ ಬಟ್ಟೆ, ಇದ್ರಲ್ಲಿ ಮಾತ್ರ ದುಡ್ಡು ಉಳಿಸೋಕೆ ಹೋಗ್ಬೇಡಿ, ಜಲ್ಲಿ ಮಣ್ಣಿಗಿಳಿಯೋದನ್ನ ತಡೆಯೋದೇ ಇದು. ಮೇಲೆ ಪುಡಿ ಸೇರಿದ, ಒಂದಕ್ಕೊಂದು ಕಚ್ಕೊಳ್ಳೋ ಚೂಪು ಅಂಚಿನ ಜಲ್ಲಿ, ಎರಡೆರಡು ಇಂಚಿನಂಗೆ ಎರಡು ಸಲ, ನೀರು ಚಿಮುಕಿಸಿ ದಿಮ್ಮಸೆಯಿಂದ ಬಡಿದು ಗಟ್ಟಿ ಮಾಡ್ದೆ. ಬರೀ ದಿಮ್ಮಸೆಗೇ ನಾಲ್ಕೈದು ಸಂಜೆ ಹಿಡೀತು. ಸಾಕಾಯ್ತು ಅಂತ ಗೊತ್ತಾಗೋದು ಸದ್ದಲ್ಲಿ: ಮೊದ್ಲು ದೊಪ್ ದೊಪ್ ಅಂತಿರುತ್ತೆ, ಗಟ್ಟಿಯಾದ ಮೇಲೆ ಟಣ್ ಅಂದು ಹಿಡಿಯಿಂದ ಮೊಣಕೈವರೆಗೂ ವಾಪಸ್ ಹೊಡೆಯುತ್ತೆ. ಆಮೇಲೆ ಎರಡು ಪೈಪ್ ಮಲಗಿಸಿ, ಅವುಗಳ ಮಟ್ಟಕ್ಕೆ ಒಂದಿಂಚು ಮರಳು ಎಳೆದು ಸಮ ಮಾಡಿ, ಯಾವುದೋ ಕೆಡವಿದ ಮನೆಯ ಹಳೇ ಚಪ್ಪಡಿ ಜೋಡಿಸಿದೆ, ಸುತ್ತ ಇಟ್ಟಿಗೆ ನಿಲ್ಲಿಸಿ ಹೂತೆ. ಅಂಚು ಕಟ್ಟದೆ ಇದ್ರೆ ಕಲ್ಲು ಹೊರಗೆ ಸರಿಯೋದು ಗ್ಯಾರಂಟಿ. ಸಂದಿಗೆ ಏನು ತುಂಬಿದೆ ಅನ್ನೋದನ್ನ ಸದ್ಯಕ್ಕೆ ನನ್ನಲ್ಲೇ ಇಟ್ಕೊಂಡಿರ್ತೀನಿ, ಇನ್ನೊಂದು ಬೇಸಿಗೆ ನೋಡ್ಬೇಕು.

ಒಟ್ಟು ಖರ್ಚು ಕಾಂಕ್ರೀಟ್ ಕೊಟೇಶನ್‌ನ ಮೂರನೇ ಒಂದು ಭಾಗ ಬಂತೇನೋ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಕಣ್ಣಿಗೆ ಕಾಣ್ದೇ ಇರೋ ಜಲ್ಲಿಗೇ.

ನಡುವೆ ಪ್ಯಾಲೆಟ್ (ಸರಕು ಸಾಗಿಸೋಕೆ ಬಳಸೋ ಮರದ ಚೌಕಟ್ಟು) ಬೆಂಚ್ ಕೂಡ ಮಾಡ್ದೆ. ಮರದ ಮೇಲಿನ ಮುದ್ರೆ ನೋಡಿ ತಗೊಳ್ಳಿ, ಎಚ್‌ಟಿ ಅಂದ್ರೆ ಬಿಸಿ ಮಾಡಿದ್ದು, ಎಂಬಿ ಅಂದ್ರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಅದನ್ನ ಮುಟ್ಟೋದೇ ಬೇಡ. ನೆರಳಿಗೆ ಮೊದ್ಲು ಟಾರ್ಪಾಲಿನ್ ಮಟ್ಟಸವಾಗಿ ಕಟ್ಟಿದ್ದೆ, ಒಂದು ರಾತ್ರಿ ಮಳೆಗೆ ಹೊಟ್ಟೆ ಬಿಟ್ಕೊಂಡು ನೀರು ತುಂಬಿ ಕಂಬವನ್ನೇ ಎಳ್ಕೊಂಡು ಬಿತ್ತು. ಈಗ ಮುಕ್ಕಾಲು ಬಿಸಿಲು ತಡೆಯೋ 75 ಪರ್ಸೆಂಟ್ ಶೇಡ್ ನೆಟ್, ಗಾಳಿನೂ ಆಡುತ್ತೆ.

ಬಿಳಿ ಎಲ್‌ಇಡಿಗೆ ಹುಳ ಮುತ್ಕೋತಿದ್ವು, 2700 ಕೆ (ಬೆಳಕಿನ ಬಣ್ಣದ ಅಳತೆ, ಕೆಲ್ವಿನ್) ಹಳದಿ ಬಲ್ಬ್ ಹಾಕಿ ಬೆಂಚಿಂದ ದೂರ, ಮೊಣಕಾಲೆತ್ತರಕ್ಕೆ ಇಳಿಸಿದ ಮೇಲೆ ಎಷ್ಟೋ ಕಮ್ಮಿ ಆಯ್ತು. ಅದ್ರ ವೈರ್ ಎಳೆಯೋಕೆ ಹೋದ್ ತಿಂಗಳು ಮೂರು ಕಲ್ಲು ಎತ್ತಿದೆ, ಕೆಳಗಿನ ಮರಳು ಹಾಕಿದ ದಿನ ಹೆಂಗಿತ್ತೋ ಹಂಗೇ ಇತ್ತು, ಪೈಪಲ್ಲಿ ವೈರ್ ತೂರಿಸಿ ಕಲ್ಲು ವಾಪಸ್ ಕೂರಿಸೋಕೆ ಇಪ್ಪತ್ತು ನಿಮಿಷನೂ ಆಗ್ಲಿಲ್ಲ.